ಗ್ರಾಂ ಸ್ಟೇನ್: ಆಲ್ಕೊಹಾಲ್ ಬಿಡುವ ಆ ಕೆಲವು ಸೆಕೆಂಡು

ಗ್ರಾಂ ಸ್ಟೇನ್ ಅಂದರೆ ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ಎರಡು ಗುಂಪಾಗಿ ಗುರುತಿಸುವ ವಿಧಾನ. ಕೀವಿನ ಸ್ಯಾಂಪಲ್ ಬಂದರೆ ಮೊದಲ ಕೆಲಸ ತೆಳುವಾದ ಸ್ಮಿಯರ್, ಅಂದರೆ ಅದನ್ನು ಸ್ಲೈಡಿನ ಮೇಲೆ ಬಳಿಯುವುದು. ಸ್ಲೈಡಿನ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳು. ದಪ್ಪ ಬಳಿದರೆ ಬಣ್ಣ ಒಂದೇ ಸಮ ಬಿಡುವುದಿಲ್ಲ. ಗಾಳಿಗೆ ಒಣಗಿದ ಮೇಲೆ ಬರ್ನರ್ ಉರಿಯಲ್ಲಿ ಎರಡು ಮೂರು ಸಲ ಆಡಿಸುತ್ತೇನೆ. ಮುಂಗೈಗೆ ತಾಗಿಸಿದರೆ ಸ್ಲೈಡ್ ಬೆಚ್ಚಗಿರಬೇಕು, ಸುಡಬಾರದು.

ಆಮೇಲೆ ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ನಡುವೆ ನೀರು. ಇಲ್ಲಿಗೆ ಸ್ಲೈಡಿನಲ್ಲಿರುವುದೆಲ್ಲ ನೇರಳೆ. ಇದು ಬ್ಯಾಕ್ಟೀರಿಯಾ, ಇದು ಕೀವಿನ ಕಣ ಅನ್ನುವ ಭೇದವೇ ಇಲ್ಲ.

ಭೇದ ಹುಟ್ಟುವುದು ಆಲ್ಕೊಹಾಲಿನಲ್ಲಿ. ಸ್ಲೈಡನ್ನು ಓರೆಯಾಗಿ ಹಿಡಿದು ಮೇಲಿನಿಂದ ಹನಿ ಹನಿಯಾಗಿ ಬಿಡುತ್ತೇನೆ. ಮೊದಲು ಗಾಢ ನೇರಳೆ ಇಳಿಯುತ್ತದೆ, ನೋಡನೋಡುತ್ತಾ ತೆಳುವಾಗುತ್ತದೆ. ಹನಿ ತಿಳಿಯಾಯಿತೋ, ತಕ್ಷಣ ನೀರು. ಇಲ್ಲಿ ಗಡಿಯಾರಕ್ಕಿಂತ ಆ ಹನಿಯನ್ನೇ ಜಾಸ್ತಿ ನಂಬುತ್ತೇನೆ. ಅಸಿಟೋನ್ ಬೆರೆತಿದ್ದರೆ ಇನ್ನೂ ಬೇಗ, ಕಣ್ಣು ಆಚೀಚೆ ಹೋಗುವಂತಿಲ್ಲ.

ವಯೊಲೆಟ್ಟೂ ಅಯೋಡಿನ್ನೂ ಸೇರಿ ಕೋಶದೊಳಗೆ ದೊಡ್ಡ ಗಂಟಾಗಿರುತ್ತವೆ. ಸ್ಟ್ಯಾಫಿಲೊಕಾಕಸ್‌ನಂಥವುಗಳ ಗೋಡೆಯಲ್ಲಿ ಪೆಪ್ಟಿಡೊಗ್ಲೈಕಾನ್ ಎಂಬ ಬಲೆಯಂಥ ಪದರ ದಪ್ಪ. ಆಲ್ಕೊಹಾಲ್ ತಾಗಿದರೆ ಅದು ನೀರು ಕಳೆದುಕೊಂಡು ಬಿಗಿಯುತ್ತದೆ, ಗಂಟು ಒಳಗೇ ಉಳಿಯುತ್ತದೆ. ಇ. ಕೋಲಿಯ ಗೋಡೆ ತೆಳು. ಹೊರಗಿನ ಕೊಬ್ಬಿನ ಪೊರೆ ಆಲ್ಕೊಹಾಲಿಗೆ ಹಾಳಾಗಿ ನೇರಳೆ ಸೋರಿಹೋಗುತ್ತದೆ. ಬಣ್ಣ ಕಳೆದುಕೊಂಡದ್ದೂ ಕಣ್ಣಿಗೆ ಬೀಳಬೇಕಲ್ವಾ? ಅದಕ್ಕೇ ಕೊನೆಯಲ್ಲಿ ಕೆಂಪು ಸ್ಯಾಫ್ರನಿನ್. ಹನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನ ಪ್ರಕಟಿಸಿದಾಗ ಅದರಲ್ಲಿ ಸ್ಯಾಫ್ರನಿನ್ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವುದು.

ಎಣ್ಣೆ ಹನಿ ಹಾಕಿ 100 ಎಕ್ಸ್ ಲೆನ್ಸ್ ಇಳಿಸಿದಾಗ ಹೊಸಬರು ನೇರ ಬ್ಯಾಕ್ಟೀರಿಯಾ ಹುಡುಕಲು ಹೊರಡುತ್ತಾರೆ. ನಾನು ಮೊದಲು ನೋಡುವುದು ಕೀವಿನ ಕಣಗಳ ನ್ಯೂಕ್ಲಿಯಸ್. ಅದು ಗುಲಾಬಿ ಇರಬೇಕು. ನೇರಳೆ ಉಳಿದಿದ್ದರೆ ಆಲ್ಕೊಹಾಲ್ ಸಾಲಲಿಲ್ಲ ಎಂದರ್ಥ, ಆ ಜಾಗದ ಬ್ಯಾಕ್ಟೀರಿಯಾದ ಬಣ್ಣವನ್ನೂ ನಂಬುವಂತಿಲ್ಲ. ಅದು ಸರಿಯಿದ್ದರೆ ಮುಂದೆ ಕೆಲಸ ಸಲೀಸು: ದ್ರಾಕ್ಷಿ ಗೊಂಚಲಿನಂಥ ನೇರಳೆ ಚುಕ್ಕೆ, ಅಥವಾ ಗುಲಾಬಿ ಕಡ್ಡಿ. ಪ್ಲೇಟಿನಲ್ಲಿ ಬೆಳೆಸಿದ್ದಾದರೆ ಕಲ್ಚರ್ ಹೊಸದಿರಬೇಕು. ಹಳೆಯದಾದರೆ ಗೋಡೆ ಸಡಿಲಾಗಿ ಗ್ರಾಂ ಪಾಸಿಟಿವ್, ಅಂದರೆ ನೇರಳೆ ಉಳಿಸಿಕೊಳ್ಳಬೇಕಾದದ್ದು ಕೂಡ, ಗುಲಾಬಿ ಕಾಣುತ್ತದೆ.

ಟಿಬಿಯ ಬ್ಯಾಕ್ಟೀರಿಯಾಕ್ಕೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅದರ ಗೋಡೆಯಲ್ಲಿ ಮೇಣದಂಥ ಮೈಕೋಲಿಕ್ ಆಮ್ಲವಿದೆ, ಗ್ರಾಂ ಬಣ್ಣ ಸರಿಯಾಗಿ ಒಳಗಿಳಿಯುವುದಿಲ್ಲ. ಹಾಗಾಗಿ ಕಫದ ಗ್ರಾಂ ಸ್ಲೈಡ್ ಖಾಲಿ ಕಂಡರೂ ಟಿಬಿ ಇಲ್ಲ ಅಂತ ಬರೆಯುವುದಿಲ್ಲ. ಝೀಲ್ ನೀಲ್ಸನ್ ಎಂಬ ಟಿಬಿ ಪತ್ತೆಯ ಬಣ್ಣದ ವಿಧಾನಕ್ಕೆ ಬೇರೆ ಸ್ಮಿಯರ್ ಬಳಿಯುತ್ತೇನೆ: ಆವಿ ಏಳುವಷ್ಟು ಬಿಸಿ ಮಾಡಿದ ಕೆಂಪು ಕಾರ್ಬಾಲ್ ಫುಕ್ಸಿನ್, ಸಲ್ಫ್ಯೂರಿಕ್ ಆಸಿಡ್, ಆಮೇಲೆ ಮೆಥಿಲೀನ್ ಬ್ಲೂ. ಟಿಬಿ ಇದ್ದರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿ.