ವಂಡರ್‌ಲಾಗೆ 18 ಜನ: ಮೊದಲು ದುಡ್ಡು, ಆಮೇಲೆ ಟಿಕೆಟ್

ಬಿಡದಿ ಹತ್ತಿರದ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾ ಶುರುವಾಗಿದ್ದು 2005ರಲ್ಲಿ. ಅವತ್ತಿನಿಂದ ನಮ್ಮ ಮನೆಯಲ್ಲಿ ‘ಎಲ್ಲರೂ ಸೇರಿ ಹೋಗೋಣ’ ಎಂಬ ಮಾತು ಎದ್ದಷ್ಟು ಸಲ ನಾವು ಹೊರಟಿಲ್ಲ. ಹೊರಟಾಗಲೂ ಗೇಟಿನ ಮುಂದೆ ಒಂದು ಸಣ್ಣ ಜಗಳ ಇದ್ದೇ ಇರುತ್ತದೆ. ತಪ್ಪು ಪ್ಲಾನ್ ಮಾಡಿದವರದ್ದು. ಹೆಚ್ಚಿನ ಸಲ ಪ್ಲಾನ್ ಮಾಡಿದವನು ನಾನೇ.

ಹೆಜ್ಜೆ 1: ದಿನ

ಭಾನುವಾರ ಬೇಡ. ವಾರದ ದಿನ ಟಿಕೆಟ್ ದರ ಕಡಿಮೆ, ಕ್ಯೂ ಕೂಡ ಚಿಕ್ಕದು. ಆದರೆ ಡಿಸೆಂಬರ್, ಜನವರಿಯ ವಾರದ ದಿನಗಳನ್ನು ನಂಬಬೇಡಿ. ಅದು ಶಾಲಾ ಪ್ರವಾಸದ ಕಾಲ. ಪಾರ್ಕಿಂಗ್ ತುಂಬ ಬಸ್ಸು, ಒಳಗೆಲ್ಲ ಒಂದೇ ಬಣ್ಣದ ಟೋಪಿ. ನನ್ನ ಕೇಳಿದರೆ ಜೂನ್ ಕೊನೆ ಇಲ್ಲವೇ ಜುಲೈ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಿ, ಏನೂ ಮುಳುಗಿಹೋಗುವುದಿಲ್ಲ. ತುಂತುರು ಮಳೆ ಬಂದರೆ ಬರಲಿ. ಹೇಗೂ ನೆನೆಯೋಕೇ ತಾನೇ ಹೋಗ್ತಿರೋದು?

ಹೆಜ್ಜೆ 2: ತಲೆ ಎಣಿಸುವುದು

ಎಲ್ಲರೂ ಎಡವುವುದು ಇಲ್ಲೇ. ವಾಟ್ಸಾಪ್ ಗ್ರೂಪಿನಲ್ಲಿ ‘ಯಾರ್ಯಾರು ಬರ್ತೀರಿ’ ಎಂದು ಕೇಳಿದರೆ 26 ಹೆಬ್ಬೆರಳು ಬರುತ್ತವೆ. ಅದರಲ್ಲಿ ಅರ್ಧ, ಗುಂಪಿನಲ್ಲಿ ಗೋವಿಂದ. ಒಮ್ಮೆ ನಾನು ಹೆಬ್ಬೆರಳು ಎಣಿಸಿ ಟಿಕೆಟ್ ತೆಗೆದೆ. ಹೋಗುವ ಹಿಂದಿನ ರಾತ್ರಿ ಐದು ಜನ ಕೈಕೊಟ್ಟರು. ಒಬ್ಬರಿಗೆ ನೆಗಡಿ, ಒಬ್ಬರಿಗೆ ಮದುವೆ ಮಾತುಕತೆ. ಆ ಐದು ಟಿಕೆಟ್ ದುಡ್ಡು ಇವತ್ತಿನವರೆಗೂ ನನ್ನ ಕೈಗೆ ಬಂದಿಲ್ಲ. ನೆಂಟರ ಹತ್ತಿರ ಎರಡನೇ ಸಲ ಕೇಳೋಕೂ ಆಗುವುದಿಲ್ಲ.

ಈಗ ನನ್ನ ನಿಯಮ ಒಂದೇ. ದುಡ್ಡು ಬಂದರೆ ತಲೆ, ಇಲ್ಲದಿದ್ದರೆ ಇಲ್ಲ. ದುಡ್ಡು ಹಾಕಲು ಹೋಗುವ ದಿನಕ್ಕಿಂತ ಒಂದು ವಾರ ಮೊದಲೇ ಕೊನೆಯ ದಿನ ಎಂದು ಹೇಳಿಬಿಡಿ. ಯುಪಿಐನಲ್ಲಿ ಕಳಿಸುವಾಗ ಯಾರ ಹೆಸರಲ್ಲಿ, ಎಷ್ಟು ಜನಕ್ಕೆ ಎಂದು ನೋಟ್ ಹಾಕಲು ಹೇಳಿ. ಭಾವನ ದುಡ್ಡು ಅವರ ಮಗನ ನಂಬರಿನಿಂದ ಬರುತ್ತದೆ, ಆಮೇಲೆ ‘ನಾನು ಹಾಕಿದ್ದೆನಲ್ಲ’ ಎಂಬ ಪುರಾಣ. ಟಿಕೆಟ್ ದರಕ್ಕಿಂತ ತಲೆಗೆ 200 ರೂಪಾಯಿ ಜಾಸ್ತಿಯೇ ಕೇಳಿ. ಲಾಕರ್, ಟೋಲ್, ನೀರಿನ ಬಾಟಲಿ ಅಂತ ಖರ್ಚಾಗುತ್ತದೆ. ಉಳಿದರೆ ವಾಪಸ್ ಕೊಡಿ, ಖುಷಿಪಡುತ್ತಾರೆ.

ಹೆಜ್ಜೆ 3: ಮಕ್ಕಳನ್ನು ಗೋಡೆಗೆ ನಿಲ್ಲಿಸಿ

ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡವರ ಲೆಕ್ಕ. 140 ಅಂದರೆ ಸುಮಾರು 4 ಅಡಿ 7 ಇಂಚು. ‘ಇನ್ನೂ ಆರನೇ ಕ್ಲಾಸು ಸಾರ್’ ಎಂದು ಗೇಟಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಅಪ್ಪ ಅಮ್ಮಂದಿರು ಫೋನಿನಲ್ಲಿ ಹೇಳುವ ಎತ್ತರ ಹೋದ ವರ್ಷದ್ದು. ಹಾಗಾಗಿ ಟಿಕೆಟ್ ತೆಗೆಯುವ ವಾರವೇ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಅಡ್ಡ ಇಟ್ಟು, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಟೇಪು ನೆಲದಿಂದ ಹಿಡಿಯಿರಿ. ಜುಟ್ಟು ಲೆಕ್ಕಕ್ಕಿಲ್ಲ. 139, 140 ಅಂತ ಗಡಿಯಲ್ಲಿದ್ದರೆ ದೊಡ್ಡವರ ಟಿಕೆಟ್ಟೇ ತೆಗೆಯಿರಿ, ಗೇಟಿನಲ್ಲಿ ಬಾಯಿ ಮಾಡುವುದು ತಪ್ಪುತ್ತದೆ. ದೊಡ್ಡ ರೈಡುಗಳಿಗೂ ಎತ್ತರದ ಮಿತಿ ಇದೆ. ಯಾವ ಮಗುವಿಗೆ ಯಾವುದು ಸಿಗುವುದಿಲ್ಲ ಎಂದು ಮನೆಯಲ್ಲೇ ಹೇಳಿಬಿಡಿ. ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ವಾಪಸ್ ಬಂದ ಮಗುವಿನ ಅಳು ಐಸ್‌ಕ್ರೀಮಿಗೂ ನಿಲ್ಲುವುದಿಲ್ಲ.

ಹೆಜ್ಜೆ 4: ಟಿಕೆಟ್

ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲೇ ತೆಗೆಯಿರಿ. ‘ಪರಿಚಯದವರಿದ್ದಾರೆ, ಅರ್ಧ ರೇಟಿಗೆ ಸಿಗುತ್ತೆ’ ಎಂದು ಬರುವ ಫಾರ್ವರ್ಡ್ ಮೆಸೇಜಿಗೆ ದುಡ್ಡು ಹಾಕಬೇಡಿ. ಹಾಕಿ ನೋಡಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ತೆಗೆಯುವುದು ಒಬ್ಬರೇ ಇರಲಿ, ಆದರೆ ಒಂದು ಗಾಡಿಗೆ ಒಂದು ಬುಕಿಂಗ್. ಹದಿನೆಂಟೂ ಜನರ ಟಿಕೆಟ್ ಒಂದೇ ಫೋನಿನಲ್ಲಿದ್ದು, ಆ ಫೋನಿನವರ ಕಾರು ಕೆಂಗೇರಿಯಲ್ಲಿ ಸಿಕ್ಕಿಕೊಂಡರೆ ಉಳಿದವರೆಲ್ಲ ಬಿಸಿಲಲ್ಲಿ. ಬುಕಿಂಗ್ ಆದ ತಕ್ಷಣ ಆಯಾ ಗಾಡಿಯವರಿಗೆ ಕಳಿಸಿಬಿಡಿ. ಇನ್ನೂ ದೊಡ್ಡ ಗುಂಪಾದರೆ ಮಾತ್ರ ಪಾರ್ಕಿಗೆ ಫೋನ್ ಮಾಡಿ ಗುಂಪಿನ ದರ ಕೇಳಿ. ಕಾಲೇಜು ಹುಡುಗರ ರಿಯಾಯಿತಿ, ಹಿರಿಯರ ದರ ತೆಗೆದುಕೊಂಡರೆ ಅಸಲು ಐಡಿ ಕಾರ್ಡ್ ಜೇಬಿನಲ್ಲಿರಲಿ. ಜಾಸ್ತಿ ದುಡ್ಡು ಕೊಟ್ಟು ಕ್ಯೂ ತಪ್ಪಿಸಿಕೊಳ್ಳುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ರಜಾ ದಿನಕ್ಕೆ ಸರಿ, ಜುಲೈ ಮಂಗಳವಾರಕ್ಕೆ ಅದು ದಂಡ.

ಹೆಜ್ಜೆ 5: ಹೊರಡುವುದು

ಬೈಕಿನಲ್ಲಿ ಬರುವವರಿಗೆ ಸರ್ವಿಸ್ ರಸ್ತೆ ಎಂದು ಒತ್ತಿ ಹೇಳಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುವುದಿಲ್ಲ. ಕಾರಿನವರೂ ಪಾರ್ಕ್ ಹತ್ತಿರ ಬರುವ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಮಾತಾಡುತ್ತಾ ಕೂತರೆ ರಾಮನಗರದ ಕಡೆ ಹೋಗಿರುತ್ತೀರಿ.

ಪುಳಿಯೋಗರೆ ಕಟ್ಟಿಕೊಂಡು ಹೋಗಬೇಡಿ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಸ್ವಲ್ಪ ಸುತ್ತಾದರೂ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬನ್ನಿ. ಆದರೆ ಎರಡೇ. ನಾಲ್ಕು ತಿಂದು ನೇರ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಹತ್ತಿದ ನಮ್ಮ ಚಿಕ್ಕಪ್ಪನ ಕತೆ ಇಲ್ಲಿ ಬೇಡ.

ನೀರಿಗೆ ಇಳಿಯಲು ನೈಲಾನ್ ಬಟ್ಟೆ ಬೇಕು, ಕಾಟನ್ ನಡೆಯುವುದಿಲ್ಲ. ಸೀರೆಯಲ್ಲಿ ಬರುವ ಅತ್ತೆಯಂದಿರಿಗೆ ಇದನ್ನು ಮೊದಲೇ ತಿಳಿಸಿ. ಇಲ್ಲದಿದ್ದರೆ ಅವರು ದಿನವಿಡೀ ಬ್ಯಾಗು ಕಾಯುತ್ತಾ ಕೂರುತ್ತಾರೆ. ಫುಟ್‌ಪಾತಿನಲ್ಲಿ ಸಿಗುವ 50 ರೂಪಾಯಿಯ ಮೊಬೈಲ್ ಪೌಚ್ ಕೊಳ್ಳಬೇಡಿ. ನೀರು ಒಳಗೆ ಹೋಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಫೋನು ಲಾಕರಿನಲ್ಲಿರಲಿ.

ಒಳಗೆ ಹೋದ ಕೂಡಲೇ ನೀರಿಗೆ ಬೀಳಬೇಡಿ. ಮೊದಲು ಒಣ ರೈಡು, ಊಟ ಆದ ಮೇಲೆ ನೀರು. ಸಂಜೆ 4 ಗಂಟೆಗೆ ಎಲ್ಲರೂ ಸೇರುವ ಒಂದು ಜಾಗ ಗೊತ್ತುಮಾಡಿಕೊಳ್ಳಿ, ಫೋನು ಲಾಕರಿನಲ್ಲಿದೆಯಲ್ಲ. ಮತ್ತೆ ಡಿಕ್ಕಿಯಲ್ಲಿ ಎರಡು ಹಳೇ ಬೆಡ್‌ಶೀಟ್ ಇಟ್ಟಿರಿ. ಬಾಡಿಗೆ ಗಾಡಿಯ ಡ್ರೈವರ್ ಒದ್ದೆ ಮಕ್ಕಳನ್ನು ನೋಡಿ ಮುಖ ಗಂಟಿಕ್ಕುವ ಮೊದಲೇ ಸೀಟಿಗೆ ಹಾಸಿಬಿಡಿ.