ಹಾಸನದಲ್ಲಿ ನಮ್ಮ ನೊಣದ ಲ್ಯಾಬ್: ನನ್ನ ಅನುಭವ

ಮಿದುಳಿನ ಸಂಶೋಧನೆ ಅಂದರೆ ಬೆಂಗಳೂರಿಗೇ ಹೋಗಬೇಕು ಅನ್ನೋ ನಂಬಿಕೆ ನಮ್ಮ ಕಡೆಯ ಮಕ್ಕಳಲ್ಲಿ ಗಟ್ಟಿಯಾಗಿದೆ. ನಿಮ್ಹಾನ್ಸ್, ಐಐಎಸ್‌ಸಿ, ಎನ್‌ಸಿಬಿಎಸ್ ಎಲ್ಲಾ ಅಲ್ಲೇ ಇವೆಯಲ್ಲ. ನಾನೂ ಆ ದಾರಿಯಲ್ಲೇ ಹೋದವಳು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ, ನೆಟ್, ಫೆಲೋಶಿಪ್, ಪಿಎಚ್‌ಡಿ, ಆಮೇಲೆ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್. ಇದು ಎಲ್ಲರಿಗೂ ಗೊತ್ತಿರುವ ದಾರಿ. ಹಾಸನಕ್ಕೆ ಪಾಠ ಮಾಡಲು ಬಂದ ಮೇಲೆ ಇಲ್ಲಿ ಕೆಲಸ ಹೇಗೆ ಶುರು ಮಾಡಿದೆ ಅನ್ನೋದನ್ನಷ್ಟೇ ಹೇಳುತ್ತೇನೆ.

ಮೊದಲು ತೀರ್ಮಾನಿಸಬೇಕಾಗಿದ್ದು ಯಾವ ಪ್ರಾಣಿ ಅಂತ. ಇಲಿ ಸಾಕಬೇಕಾದರೆ ಪ್ರಾಣಿಗೃಹ ಬೇಕು, ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ದಿನಾ ನೋಡಿಕೊಳ್ಳುವ ಜನ ಬೇಕು. ನಾನು ಡ್ರೊಸೊಫಿಲಾ ಆರಿಸಿಕೊಂಡೆ. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಆ ಪುಟ್ಟ ಹಣ್ಣಿನ ನೊಣ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಇದರ ಸಂಶೋಧನೆಯ ದೊಡ್ಡ ಪರಂಪರೆಯೇ ಇದೆ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರು ರುಚಿ, ವಾಸನೆಗಳನ್ನು ಮಿದುಳು ಹೇಗೆ ಗ್ರಹಿಸುತ್ತದೆ ಅಂತ ಹುಡುಕಿದ್ದೂ ಇದೇ ನೊಣದಲ್ಲಿ. 2024ರಲ್ಲಿ ಇದರ ಇಡೀ ಮಿದುಳಿನ ನಕ್ಷೆ ಹೊರಬಂತು. ಅದರಲ್ಲಿ 1,39,255 ನರಕೋಶಗಳಿವೆ. ನಮ್ಮ ತಲೆಯಲ್ಲಿರುವ ಸುಮಾರು 8,600 ಕೋಟಿಯ ಮುಂದೆ ಅದು ಏನೂ ಅಲ್ಲ. ಆದರೆ ಕೆಲಸ ಮಾಡುವ ಬಗೆ, ಬಳಸುವ ಡೋಪಮೈನ್‌ನಂಥ ರಾಸಾಯನಿಕಗಳು ಬಹಳ ಮಟ್ಟಿಗೆ ಒಂದೇ. ಜೊತೆಗೆ ನಮ್ಮ ಊರಿನ ಹವೆಯೂ ಇದಕ್ಕೆ ಹೇಳಿಮಾಡಿಸಿದಂತಿದೆ. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಂಡು ನೊಣಗಳ ಸಂತಾನಶಕ್ತಿ ಕುಂದುತ್ತದೆ. ಬಡವರ ಊಟಿ ಅನ್ನಿಸಿಕೊಂಡ ಹಾಸನದಲ್ಲಿ ವರ್ಷದ ಬಹುಪಾಲು ಆ ಚಿಂತೆ ಇಲ್ಲ.

ನೊಣಕ್ಕೆ ಅಡುಗೆ ಮಾಡುವುದರಿಂದಲೇ ನಮ್ಮ ಪ್ರಾಕ್ಟಿಕಲ್ ಶುರು. ಒಂದು ಲೀಟರ್ ನೀರು ಕುದಿಸಿ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 8 ಗ್ರಾಂ ಅಗಾರ್ ಹಾಕಬೇಕು. ಗಂಟಾಗದ ಹಾಗೆ ಕೈಬಿಡದೆ ತಿರುವಬೇಕು. ಕೆಳಗಿಳಿಸಿ ಸ್ವಲ್ಪ ಆರಿದ ಮೇಲೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಸೀಸೆಗಳಿಗೆ ಸುರಿದು, ಗಟ್ಟಿಯಾದ ಮೇಲೆ ನೊಣ ಬಿಟ್ಟು ಹತ್ತಿಯಿಂದ ಬಾಯಿ ಮುಚ್ಚಿದರೆ ಸುಮಾರು ಹತ್ತು ಹನ್ನೆರಡು ದಿನಕ್ಕೆ ಹೊಸ ತಲೆಮಾರು ಸಿದ್ಧ. ಒಂದು ಸೆಮಿಸ್ಟರಿನೊಳಗೆ ಹಲವು ತಲೆಮಾರು ನೋಡಬಹುದು. ಎಂಎಸ್ಸಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಅನುಕೂಲದ ಪ್ರಾಣಿ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಪ್ರಶ್ನೆ ಮಾತ್ರ ನಮ್ಮ ಊರಿನದೇ ಆಗಿರಬೇಕು ಅನ್ನೋದು ನನ್ನ ಹಟ. ಕೈಕಾಲು ನಡುಗಿ ಓಡಾಟ ನಿಧಾನವಾಗುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತವೆ. ಸಕ್ಕರೆ ನೀರಿಗೆ ಪ್ಯಾರಾಕ್ವಾಟ್ ಬೆರೆಸಿ ಕೊಟ್ಟರೆ ನೊಣದಲ್ಲೂ ಅದನ್ನು ಹೋಲುವ ತೊಂದರೆ ಕಾಣುತ್ತದೆ, ಓಡಾಟ ಕುಗ್ಗುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಸಕಲೇಶಪುರದ ಕಡೆಯ ಒಬ್ಬ ಹುಡುಗಿ ಕೇಳಿದಳು: "ಮೇಡಂ, ನಮ್ಮ ತೋಟದಲ್ಲಿ ಕಳೆಗೆ ಹೊಡೀತಾರಲ್ಲ, ಅದೇನಾ ಇದು?" ಅದೇ. ಆಮೇಲೆ ಅವಳೇ ಕಾಫಿಯ ಪ್ರಶ್ನೆ ಎತ್ತಿದಳು. ಕಾಫಿ ಕುಡಿಯುವವರಲ್ಲಿ ಪಾರ್ಕಿನ್‌ಸನ್ ಕಡಿಮೆ ಅಂತ ಹಲವು ಸಮೀಕ್ಷೆಗಳು ತೋರಿಸಿವೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಫೀನ್ ತೆಗೆದ ಕಾಫಿಯೂ ನೊಣದ ನರಕೋಶಗಳನ್ನು ಕಾಪಾಡಿತ್ತು. ಹಾಗಾದರೆ ಕಾಫಿಯಲ್ಲಿ ಕೆಫೀನ್ ಅಲ್ಲದೆ ಇನ್ನೇನೋ ಇದೆ ಅಂತಾಯಿತಲ್ವಾ? ಕಾಫಿ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾ? ಅರೇಬಿಕಾ, ರೊಬಸ್ಟಾ ಎರಡನ್ನೂ ಅವಳು ಮನೆಯಿಂದಲೇ ತಂದಳು.

ಪರೀಕ್ಷೆ ಸರಳ. ಹತ್ತು ನೊಣಗಳನ್ನು ಗಾಜಿನ ಕೊಳವೆಗೆ ಬಿಟ್ಟು ಮೆಲ್ಲಗೆ ತಟ್ಟಿ ತಳಕ್ಕೆ ಬೀಳಿಸಬೇಕು. ಆರೋಗ್ಯವಾಗಿರುವ ನೊಣ ಕೂಡಲೇ ಮೇಲಕ್ಕೆ ಹತ್ತುತ್ತದೆ. ಹತ್ತು ಸೆಕೆಂಡಿನಲ್ಲಿ 8 ಸೆಂಟಿಮೀಟರ್ ಗೆರೆ ದಾಟಿದವು ಎಷ್ಟು ಅಂತ ಎಣಿಸುವುದು. ಆದರೆ ಕಟ್ಟುನಿಟ್ಟು ಬೇಕಾಗಿರುವುದು ಇಲ್ಲೇ. ಎಣಿಸುವವರಿಗೆ ಯಾವ ಕೊಳವೆಯಲ್ಲಿ ಕಾಫಿ ಕೊಟ್ಟ ಗುಂಪು, ಯಾವುದರಲ್ಲಿ ಕೊಡದ ಗುಂಪು ಅಂತ ಗೊತ್ತಿರಬಾರದು. ಚೀಟಿ ಅಂಟಿಸುವವರು ಬೇರೆ, ಎಣಿಸುವವರು ಬೇರೆ. ಪ್ರತಿದಿನ ಒಂದೇ ಹೊತ್ತಿಗೆ ಮಾಡಬೇಕು. ಯಾಕೆಂದರೆ ನೊಣಕ್ಕೂ ಮೈಯೊಳಗೆ ಗಡಿಯಾರ ಇದೆ. ಆ ಗಡಿಯಾರದ ಜೀನ್‌ನ ಸುಳಿವು 1971ರಲ್ಲಿ ಮೊದಲು ಸಿಕ್ಕಿದ್ದು ಈ ನೊಣದಲ್ಲೇ. 2017ರ ನೊಬೆಲ್ ಬಂದಿದ್ದು ಅದರ ಮುಂದಿನ ಕೆಲಸಕ್ಕೆ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಊಟ ಆದ ಮೇಲೆ ಇನ್ನೊಂದು ಗುಂಪು ಎಣಿಸಿದರೆ ಕಾಣುವ ವ್ಯತ್ಯಾಸ ಕಾಫಿಯದಲ್ಲ, ಹೊತ್ತಿನದು.

ಪಾಠಕ್ಕೆ ಮೇಕೆ ಮಿದುಳು ಬಳಸುತ್ತೇನೆ. ಮಟನ್ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು, ಇಲ್ಲದಿದ್ದರೆ ತಲೆಯನ್ನು ನಡುವೆ ಸೀಳಿಬಿಡುತ್ತಾರೆ. ಇಡಿಯಾಗಿ ತೆಗೆದದ್ದನ್ನು ಫಾರ್ಮಲಿನ್‌ನಲ್ಲಿ ಎರಡು ವಾರ ಇಟ್ಟು, ಚೆನ್ನಾಗಿ ತೊಳೆದು, ಕೈಗವಸು ಹಾಕಿಕೊಂಡು ಮಕ್ಕಳ ಕೈಗೇ ಕೊಡುತ್ತೇನೆ. ಹಸಿ ಮಿದುಳು ಕುಯ್ಯಲು ಬರುವುದಿಲ್ಲ, ಮೆತ್ತಗೆ ಕುಸಿಯುತ್ತದೆ. ಮುಂಭಾಗದಲ್ಲಿ ಎದ್ದು ಕಾಣುವ, ವಾಸನೆ ಗ್ರಹಿಸುವ ಗಡ್ಡೆಯಂಥ ಭಾಗಗಳನ್ನು ನೋಡಿದ ಮಕ್ಕಳು, ಮನುಷ್ಯರಲ್ಲಿ ಇವು ಯಾಕೆ ಇಷ್ಟು ಚಿಕ್ಕವು ಅಂತ ತಾವಾಗಿಯೇ ಕೇಳುತ್ತಾರೆ. ಸ್ಲೈಡ್ ತೋರಿಸಿದಾಗ ಈ ಪ್ರಶ್ನೆ ಬರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಜಾಸ್ತಿ ಮಾತಾಡುವುದೂ ಈ ಟೇಬಲ್ ಸುತ್ತಲೇ. ಅದಕ್ಕೇ ಈ ತರಗತಿಯನ್ನು ಪೂರ್ತಿ ಕನ್ನಡದಲ್ಲೇ ನಡೆಸುತ್ತೇನೆ.

ಪ್ರಕಟಣೆ ಬಗ್ಗೆ ಒಂದು ಮಾತು. ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳಿಂದ ನಮ್ಮ ಮಕ್ಕಳಿಗೆ ದಿನಾ ಮೇಲ್ ಬರುತ್ತದೆ. ಅವುಗಳ ಸಹವಾಸವೇ ಬೇಡ ಅಂತ ಮೊದಲ ದಿನವೇ ಹೇಳುತ್ತೇನೆ. ಥೀಸಿಸ್ ಕೊಡುವ ಮುಂಚೆ ಪೇಪರ್ ಕಡ್ಡಾಯ ಅನ್ನೋ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ಅಂತ ಕೇಳಿಕೊಳ್ಳಿ, ಅವಸರಪಡಬೇಡಿ. ಇನ್ನೊಂದು, ನೊಣದಲ್ಲಿ ಕಂಡದ್ದನ್ನು ಮನುಷ್ಯರಿಗೆ ಮದ್ದು ಅಂತ ಬರೆಯಲು ನಾನು ಬಿಡುವುದಿಲ್ಲ. ಈಗ ನಮ್ಮ ಮುಂದಿರುವುದು ನಸುಗುನ್ನಿ ಬೀಜ. ಪಾರ್ಕಿನ್‌ಸನ್‌ಗೆ ಕೊಡುವ ಎಲ್-ಡೋಪಾ ಅದರಲ್ಲಿ ಸಹಜವಾಗಿಯೇ ಇದೆ. ಕಾಯಿಯ ಸುಣೆ ಮೈಗೆ ತಾಗಿದರೆ ಗೊತ್ತಲ್ಲ ಕಡಿತ, ಅದಕ್ಕೆ ಬಿಡಿಸುವ ಕೆಲಸ ಲ್ಯಾಬಿನ ಹೊರಗೆ, ಉದ್ದ ತೋಳಿನ ಅಂಗಿ ಹಾಕಿಕೊಂಡು.