ಹಳೆಯ ಇಂಗ್ಲಿಷಿನ ‘ವಿಸ್ಟ್’, ‘ವಾಟ್’: ಗುರುತಿಸುವುದು ಹೇಗೆ?

1611ರ ಕಿಂಗ್ ಜೇಮ್ಸ್ ಬೈಬಲ್ ಓದುವಾಗಲೋ ಷೇಕ್ಸ್‌ಪಿಯರ್ ನಾಟಕ ಓದುವಾಗಲೋ ಈ ಎರಡು ಪದಗಳು ಎದುರಾಗುತ್ತವೆ. ನೋಡಲು ಬೇರೆ ಬೇರೆ, ಆದರೆ ಎರಡೂ ಒಂದೇ ಕ್ರಿಯಾಪದ. ಮೂಲರೂಪ ‘ವಿಟ್’, ಅರ್ಥ ‘ತಿಳಿದಿರು’. ಚುರುಕು ಮಾತಿಗೆ ಹೇಳುವ ‘ವಿಟ್’ ಕೂಡ ಇದೇ ಬೇರಿನದು. ಆದರೆ ಆ ಅರ್ಥವನ್ನು ಇಲ್ಲಿಗೆ ತರಬೇಡಿ.

ಮೊದಲು ಕಾಲ ನೋಡಿ. ಡಬ್ಲ್ಯು, ಓ, ಟಿ ಅಂತಿದ್ದರೆ ವರ್ತಮಾನ. ಡಬ್ಲ್ಯು, ಐ, ಎಸ್, ಟಿ ಅಂತಿದ್ದರೆ ಭೂತ. ಆ ಜಾಗದಲ್ಲಿ ‘ನೋ’ (know) ಅಥವಾ ‘ನ್ಯೂ’ (knew) ಇಟ್ಟು ಓದಿದರೆ ಸಾಲು ಬಿಡಿಸಿಕೊಳ್ಳುತ್ತದೆ. ಆ ಬೈಬಲಿನ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ಮೋಶೆ ಸೀನಾಯ್ ಬೆಟ್ಟ ಇಳಿದು ಬರುತ್ತಾನೆ. ಅವನ ಮುಖ ಹೊಳೆಯುತ್ತಿರುತ್ತದೆ. ಅಲ್ಲಿ ‘ಮೋಸೆಸ್ ವಿಸ್ಟ್ ನಾಟ್’ ಎಂದಿದೆ. ಅಂದರೆ, ಮೋಶೆಗೆ ಅದು ಗೊತ್ತೇ ಇರಲಿಲ್ಲ. ‘ಡಿಡ್’ ಇಲ್ಲದೆ ‘ನಾಟ್’ ನೇರ ಕ್ರಿಯಾಪದದ ನಂತರ ಬಂದಿರುವುದನ್ನೂ ಗಮನಿಸಿ.

ಆಮೇಲೆ ಕರ್ತೃ. ‘ಹಿ ವಾಟ್’ ಎನ್ನುವಾಗ ಕೊನೆಗೆ ‘ಎಸ್’ ಬರುವುದಿಲ್ಲ. ‘ಹಿ ಕ್ಯಾನ್’ ಅಂತೀವಿ, ‘ಕ್ಯಾನ್ಸ್’ ಅನ್ನಲ್ಲ ಅಲ್ವಾ? ಎರಡೂ ಒಂದೇ ಗುಂಪಿನವು. ಮುಗಿದ ಕೆಲಸ ಹೇಳುತ್ತಿದ್ದ ಹಳೆಯ ರೂಪವೇ ಇವುಗಳಲ್ಲಿ ವರ್ತಮಾನವಾಗಿ ನಿಂತಿದೆ: ‘ಕಂಡಿದ್ದೇನೆ’ ಎಂಬುದು ‘ಬಲ್ಲೆ’ ಆಯಿತು. ಸಂಸ್ಕೃತದಲ್ಲಿ ‘ನಾನು ಬಲ್ಲೆ’ ಎನ್ನುವ ‘ವೇದ’ ಎಂಬ ಕ್ರಿಯಾರೂಪ ಹುಟ್ಟಿದ್ದೂ ಹೀಗೇ. ಅದಕ್ಕೂ ‘ವಾಟ್’ಗೂ ಮೂಲ ಒಂದೇ. ನನಗೆ ಇಡೀ ವಿಷಯದಲ್ಲಿ ಅತಿ ಚೆಂದ ಅನಿಸುವುದು ಇದೇ. ನಮ್ಮ ‘ಬಲ್ಲ’ ಈ ಕುಟುಂಬದ್ದಲ್ಲ. ಆದರೂ ಅದಕ್ಕೂ ಕಾಲದ ಪ್ರತ್ಯಯ ಹತ್ತುವುದಿಲ್ಲ ನೋಡಿ. ಆದಿಕಾಂಡದಲ್ಲಿ ಯೋಸೇಫನ ಮಾತಿನಲ್ಲಿ ‘ವಾಟೆತ್’ ಎಂದು ಬರುತ್ತದೆ. ಕೊನೆಯ ‘ಎತ್’ ಉಳಿದ ಕ್ರಿಯಾಪದಗಳನ್ನು ನೋಡಿ ಆಮೇಲೆ ಅಂಟಿಸಿದ ಬಾಲ.

ಒಂದು ಕಡೆ ಜಾಸ್ತಿ ಎಚ್ಚರ ಬೇಕು. ಹಳೆಯ ಪದ್ಯಗಳಲ್ಲಿ ‘ಐ ವಿಸ್’ ಸಿಕ್ಕರೆ ‘ನಾನು ಬಲ್ಲೆ’ ಅಂದುಕೊಳ್ಳಬೇಡಿ. ಅದು ‘ಇವಿಸ್’, ಅಂದರೆ ‘ಖಂಡಿತ’ ಎಂಬ ಒಂದೇ ಪದ. ಮುಂದಿನವರು ಅದನ್ನು ಎರಡಾಗಿ ಒಡೆದು ಕ್ರಿಯಾಪದ ಎಂದುಕೊಂಡರು.

ಇಂದಿನ ಇಂಗ್ಲಿಷಿನಲ್ಲೂ ಇದರ ಚೂರುಗಳಿವೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ‘ಅನ್‌ವಿಟಿಂಗ್ಲಿ’ ಅನ್ನುತ್ತಾರೆ. ಕೋರ್ಟು ಕಾಗದಗಳಲ್ಲಿ ‘ಟು ವಿಟ್’ ಎಂದು ಕಂಡರೆ ‘ಅಂದರೆ’ ಎಂದು ಓದಿಕೊಳ್ಳಿ. ವಿವರ ಅದರ ಮುಂದೆಯೇ ಇರುತ್ತದೆ.